ಐದು ಸೇರಿನ ಪೊಂಗಲ್

ದನ ಸಾಕೋದು ನನಗೆ ಹೇಳಿಕೊಡ್ತಾಳಂತೆ! ಅವತ್ತು ನನ್ನ ಮೈಯೆಲ್ಲ ಉರಿದುಹೋಗಿದ್ದು ಅದಕ್ಕೇ.

ಹೇಳಿಕೊಟ್ಟವಳು ನನ್ನ ಸೊಸೆ ಹಂಸ. ಗಾರ್ಮೆಂಟ್ಸ್ ಕೆಲಸ ಬಿಟ್ಟು, ಹದಿನೈದು ದಿನ ಹೈನುಗಾರಿಕೆ ತರಬೇತಿಗೆ ಹೋಗಿಬಂದು, ಕೆ.ಆರ್. ಪುರದ ನಮ್ಮ ಹಳೇ ಮನೆ ಹಿಂದೆ ಶೀಟು ಹೊದಿಸಿ ಕೊಟ್ಟಿಗೆ ಮಾಡಿಸಿದ್ದಳು. "ಸೂಪರ್‌ವೈಸರ್ ಹತ್ರ ಬೈಸ್ಕೊಂಡು ಹೊಲಿದಿದ್ದು ಸಾಕು ಅತ್ತೆ. ಈ ಹಸು ಕೈ ಹಿಡಿದ್ರೆ ನಾನು ಇನ್ಯಾರ ಮುಂದೇನೂ ತಲೆ ತಗ್ಗಿಸಲ್ಲ" ಅಂದಿದ್ದಳು. ನನ್ನ ಮಗ ಮುನೀಂದ್ರ ಚಿಂತಾಮಣಿ ಕಡೆಯಿಂದ ಟೆಂಪೋದಲ್ಲಿ ತಂದ. ಕಪ್ಪು ಬಿಳುಪು ಸೀಮೆ ಹಸು, ಜೊತೆಗೆ ಹನ್ನೆರಡು ದಿನದ ಹೆಣ್ಣುಗರು. ಮೂವತ್ತು ವರ್ಷ ಆದ್ಮೇಲೆ ನಮ್ಮ ಹಿತ್ತಿಲಲ್ಲಿ ಸಗಣಿ ವಾಸನೆ! ನನಗೆ ಅಳುನೇ ಬಂತು.

ಮಾರನೇ ದಿನ ಶುಕ್ರವಾರ. ಡೈರಿ ಸಂಘದಲ್ಲಿ ಹೆಸರು ಬರೆಸೋಕೆ ಹೊರಟ ಹಂಸ ಗೇಟಲ್ಲಿ ನಿಂತು, "ಅತ್ತೆ, ಹುಲ್ಲು ನೀರು ಬಿಟ್ಟು ಬೇರೇನೂ ಕೊಡ್ಬೇಡಿ. ಅನ್ನ ಅಂತೂ ಬೇಡವೇ ಬೇಡ, ಇದರ ಹೊಟ್ಟೆಗೆ ಆಗಲ್ಲ" ಅಂದಳು.

"ಹೋಗಮ್ಮಾ ತಾಯಿ. ದನದ ಮಧ್ಯಾನೇ ಬೆಳೆದವಳು ನಾನು" ಅಂದೆ.

ಮನೆಗೆ ಲಕ್ಷ್ಮಿ ಬಂದ ಮೊದಲ ಶುಕ್ರವಾರ ಬರೀ ಒಣಹುಲ್ಲು ಹಾಕೋದಾ? ಐದು ಸೇರು ಅಕ್ಕಿಗೆ ಬೆಲ್ಲ, ತುಪ್ಪ, ದ್ರಾಕ್ಷಿ ಸುರಿದು ಸಿಹಿ ಪೊಂಗಲ್ ಮಾಡಿದೆ. ಹಸುವಿನ ಹಣೆಗೆ ಅರಿಶಿನ ಕುಂಕುಮ ಇಟ್ಟು, ಬಾಳೆಲೆ ತುಂಬ ಬಡಿಸಿದೆ. ಅದು ನೆಕ್ಕಿ ನೆಕ್ಕಿ ತಿಂತಿದ್ದ ಚೆಂದ ಏನು ಹೇಳ್ಲಿ! ಇನ್ನೊಂದು ಸಲ ಬಡಿಸಿದೆ. ಆಮೇಲೆ ಪಾತ್ರೇನೇ ಮುಂದಿಟ್ಟೆ. ನಮ್ಮಪ್ಪ ಹಬ್ಬದ ದಿನ ಹಸುಗೆ ಕೊಡ್ತಿದ್ದಿದ್ದು ಒಂದೇ ಒಂದು ತುತ್ತು ಅನ್ನೋದು ಆಗ ನನ್ನ ತಲೆಗೇ ಬರಲಿಲ್ಲ.

ಸಂಜೆ ಹಂಸ ಬರೋಷ್ಟರಲ್ಲಿ ಹಸು ಮೆಲುಕು ಹಾಕೋದು ನಿಲ್ಲಿಸಿತ್ತು. ಎಡಗಡೆ ಹೊಟ್ಟೆ ಉಬ್ಬಿತ್ತು, ಹಲ್ಲು ಕಡೀತಿತ್ತು. ನಾನು ಮೆಲ್ಲಗೆ ಒಳಗೆ ಹೋಗಿ ಪೊಂಗಲ್ ಪಾತ್ರೆ ತೊಳೆದು ಕವುಚಿಟ್ಟೆ.

ದನದ ಡಾಕ್ಟ್ರು ಗಯಾಜ್ ಬೈಕಲ್ಲಿ ಬಂದರು. ಹಸುವಿನ ಬಾಯಿ ಹತ್ರ ಮೂಸಿ ನೋಡಿದರು. "ಆಂಜನಮ್ಮೋರೇ, ಹುಳಿ ವಾಸನೆ ಬರ್ತಿದೆ. ಅನ್ನ ಗಿನ್ನ ಹಾಕಿದ್ರಾ?"

"ಹಾಕ್ತೀನೇನಪ್ಪಾ? ನನಗಷ್ಟೂ ಗೊತ್ತಾಗಲ್ವಾ?" ಅಂತ ಜೋರು ಮಾಡಿದೆ.

"ನಿಜ ಹೇಳಿ. ಅನ್ನ ತಿಂದಿದ್ರೆ ಟ್ರೀಟ್‌ಮೆಂಟೇ ಬೇರೆ."

"ನಮ್ಮತ್ತೆ ಸುಳ್ಳು ಹೇಳೋರಲ್ಲ ಡಾಕ್ಟ್ರೇ" ಅಂದುಬಿಟ್ಟಳು ಹಂಸ.

ಅವಳು ಹಾಗಂದ ಮೇಲೆ ಹೆಂಗೆ ಹೇಳ್ಲಿ? ಹೇಳೇ ಮುಂಡೇದೇ, ಹೇಳು ಅಂತ ಒಳಗೇ ಬಡ್ಕೊಂಡೆ. ನಾಲಿಗೆ ಹೊರಳಲಿಲ್ಲ. ಅವರು ಹೊಟ್ಟೆಯುಬ್ಬರಕ್ಕೆ ಎಣ್ಣೆ ಕುಡಿಸಿ, ಇಂಜೆಕ್ಷನ್ ಕೊಟ್ಟು ಹೋದರು.

ಬೆಳಗ್ಗೆ ಹಸು ಕತ್ತು ಚೆಲ್ಲಿ ಬಿದ್ದಿತ್ತು. ಗಯಾಜ್ ಮತ್ತೆ ಬಂದು ಬಾಯಿಂದ ಹೊಟ್ಟೆಗೆ ಪೈಪು ಇಳಿಸಿದರು. ಬಂತು ನೋಡಿ! ಹುಳಿ ನೀರು, ಅನ್ನದ ಅಗುಳು, ಉಬ್ಬಿದ ದ್ರಾಕ್ಷಿ. ನನ್ನ ಮಗ, ಸೊಸೆ, ಅಕ್ಕಪಕ್ಕದವರು, ಎಲ್ಲರ ಮುಂದೆ ಸಿಮೆಂಟ್ ನೆಲದ ಮೇಲೆ ಹರೀತು.

"ನಿನ್ನೇನೇ ಹೇಳಿದ್ರೆ ಉಳಿಸ್ಬಹುದಿತ್ತೇನೋ ಅಮ್ಮಾ" ಅಂದರು ಡಾಕ್ಟ್ರು. ಅರ್ಧ ಗಂಟೇಲಿ ಹಸು ಹೋಯ್ತು.

ಬಯ್ಯಲಿ, ಕೂದಲು ಹಿಡಿದು ಆಚೆಗೆ ತಳ್ಳಲಿ ಅಂತ ಹಂಸನ ಎದುರೇ ನಿಂತೆ. ಸತ್ತುಬಿದ್ದ ತಾಯಿಯ ಕೆಚ್ಚಲಿಗೆ ಕರು ಗುದ್ದಿ ಗುದ್ದಿ ಬಾಯಿ ಹಾಕ್ತಿತ್ತು. ಅವಳು ಅದನ್ನ ಎಳೆದು ತಬ್ಬಿಕೊಂಡಳು. ನನ್ನ ಕಡೆ ತಿರುಗಲಿಲ್ಲ.

"ಇದಕ್ಕೆ ಹಸಿವಾಗಿದೆ. ಹೋಗಿ ಹಾಲು ತನ್ನಿ" ಅಂದಳು.

ಸಂಜೀವಪ್ಪನ ಅಂಗಡೀಲಿ ಮೂರು ಪ್ಯಾಕೆಟ್ ಹಾಲು ಕೇಳಿದೆ. ಅವನಿಗಿನ್ನೂ ವಿಷಯ ಗೊತ್ತಿರಲಿಲ್ಲ, ನಕ್ಕುಬಿಟ್ಟ. "ಏನ್ ಆಂಜನಮ್ಮಾ, ಮನೇಲೇ ಹಸು ಕಟ್ಕೊಂಡು ಪ್ಯಾಕೆಟ್ ಹಾಲಾ?"

"ಸಾಯಿಸ್ಬಿಟ್ಟೆ ಕಣಪ್ಪಾ" ಅಂದೆ. "ಪೊಂಗಲ್ ತಿನ್ನಿಸಿ, ಆಮೇಲೆ ಸುಳ್ಳು ಹೇಳಿ, ನಾನೇ ಸಾಯಿಸ್ಬಿಟ್ಟೆ. ಬೇಗ ಕೊಡು, ಕರು ಕಾಯ್ತಿದೆ."