ತೂಕದ ಕಾಕಾಸಾಹೇಬರು

ಯಾವ ವಸ್ತುವನ್ನು ಕೈಗೆ ಕೊಟ್ಟರೂ ಅದನ್ನು ನೋಡುವುದಕ್ಕೆ ಮೊದಲು ತೂಗುವುದು ಕಾಕಾಸಾಹೇಬರ ಸ್ವಭಾವ. ಚಹಾದ ಬಟ್ಟಲಾಗಲಿ, ಮದುವೆಯ ಕರೆಯೋಲೆಯಾಗಲಿ, ನೆರೆಮನೆಯವರು ಅಕ್ಕರೆಯಿಂದ ಎತ್ತಿಕೊಟ್ಟ ಹಸುಗೂಸಾಗಲಿ, ಮೊದಲು ಕಣ್ಣು ಅರೆಮುಚ್ಚಿ ಅಂಗೈಯನ್ನು ಮೆಲ್ಲಗೆ ಮೇಲೆ ಕೆಳಗೆ ಆಡಿಸಿ, ತಮ್ಮೊಳಗೇ ಒಂದು ನಿರ್ಣಯಕ್ಕೆ ಬಂದ ಮೇಲೆಯೇ ಅವರ ಮುಖದಲ್ಲಿ ನಗೆಯೋ ಮಾತೋ ಕಾಣಿಸಿಕೊಳ್ಳುತ್ತದೆ. ಐನಾಪುರದ ಪೇಟೆಯಲ್ಲಿ ಅವರದು ದನಗಳ ಹಿಂಡಿ, ಹೊಟ್ಟು ಮಾರುವ ಅಂಗಡಿ. ತಲೆಮಾರುಗಳಿಂದ ತಕ್ಕಡಿ ಹಿಡಿದ ಮನೆತನವಾದ್ದರಿಂದ ಇದು ವೃತ್ತಿಯ ಅಭ್ಯಾಸವೆಂದೇ ನಾನು ಬಹುಕಾಲ ಭಾವಿಸಿದ್ದೆ. ಅಲ್ಲಿನ ಹೈಸ್ಕೂಲಿಗೆ ವರ್ಗವಾಗಿ ಬಂದು, ಅವರ ಎದುರು ಮನೆಯಲ್ಲಿ ಬಾಡಿಗೆಗಿದ್ದು, ಅಂಗಡಿಯ ಹಿಂದಿನ ತಗಡಿನ ಶೆಡ್ಡಿನಲ್ಲಿ ನಿಂತಿದ್ದ ಹಳೆಯ ಮಾರುತಿ ಕಾರನ್ನು ನೋಡಿದ ಮೇಲೆಯೇ ನಿಜವಾದ ಕಾರಣ ತಿಳಿದದ್ದು.

ಚಳಿಗಾಲದಲ್ಲಿ ಕೊಲ್ಲಾಪುರದ ಆಚೆಯ ಬಯಲಿನಲ್ಲಿ ಮಣ್ಣಿನ ಹಾದಿಗಳನ್ನು ಹದಮಾಡಿ ಕಾರಿನ ಓಟ ನಡೆಸುತ್ತಾರೆ. ಐವತ್ತು ದಾಟಿದ, ಮೈಯಲ್ಲಿ ಸ್ಥೂಲರೇ ಆದ ಈ ಗೃಹಸ್ಥರು ಪ್ರತಿವರ್ಷವೂ ಅದರಲ್ಲಿ ಕಾರು ಓಡಿಸುತ್ತಾರೆ. ಎಂಜಿನ್ನಿಗೆ ಬಲ ತುಂಬುವುದರಲ್ಲಿ ಅವರಿಗೆ ನಂಬಿಕೆಯಿಲ್ಲ. ಭಾರವನ್ನು ಕಳೆಯುವುದರಲ್ಲಿ ಅಪಾರ ಶ್ರದ್ಧೆ. ಮೊದಲು ಕಾಲ್ಚಾಪೆ ಹೋಯಿತು, ಆಮೇಲೆ ರೇಡಿಯೊ, ಬಾಗಿಲುಗಳ ಒಳಹೊದಿಕೆ, ಛಾವಣಿಯ ಬಟ್ಟೆ, ಕಿಟಕಿಯ ಗಾಜು, ಅದನ್ನು ಇಳಿಸುವ ಹಿಡಿಕೆ, ಕೊನೆಗೆ ಹಾರ್ನು. ನೆಲದ ತಗಡಿಗೆ ಸದ್ದು ತಡೆಯಲೆಂದು ಅಂಟಿಸಿದ ಡಾಂಬರಿನ ಹಾಳೆಯನ್ನು ಗಡುಸಾಗಿಸಲು ಐಸ್‌ಕ್ಯಾಂಡಿ ಕಾರಖಾನೆಯಿಂದ ಬರ್ಫಿನ ಗಡ್ಡೆ ತರಿಸಿ ಸುರಿದು, ಉಳಿಯಿಂದ ಹೆರೆದು ತೆಗೆದರಂತೆ. ಆ ಕೆಲಸವೆಲ್ಲ ಅವರ ಬಾಲ್ಯದ ಗೆಳೆಯ, ಪೇಟೆಯ ಮೆಕ್ಯಾನಿಕ್ಕು ಇಸ್ರಾರನದು. ಹಿಂದಿನ ಸೀಟನ್ನು ಬಿಚ್ಚಿದ ಸಂಗತಿ ಮಡದಿ ರಾಜಮತಿಯವರಿಗೆ ಗೊತ್ತಾದದ್ದು ಅಥಣಿಯ ಮದುವೆಗೆ ಹೊರಟು, ರೇಷ್ಮೆ ಸೀರೆಯುಟ್ಟು ಕಾರಿನ ಬಾಗಿಲು ತೆಗೆದಾಗ. ಅವರು ಜಗಳವಾಡಲಿಲ್ಲ. ಆ ಸೀಟನ್ನು ಹೊರಿಸಿ ತಂದು ಪಡಸಾಲೆಯಲ್ಲಿ ಹಾಕಿಸಿ, ಬಂದ ಬೀಗರನ್ನೆಲ್ಲ ಅದರ ಮೇಲೆಯೇ ಕೂರಿಸತೊಡಗಿದರು. ನಾನೂ ಅದರ ಮೇಲೆ ಕೂತು ಅವಲಕ್ಕಿ ತಿಂದಿದ್ದೇನೆ.

ಈ ವೈರಾಗ್ಯ ಕಾರಿನಲ್ಲಿ ತೊಡಗಿ ಮೈಮೇಲಿನ ಬಟ್ಟೆಗೂ ಹಬ್ಬಿತ್ತು. ತಂದೆಯ ಕಾಲದ ಕಂದು ಕೋಟಿನ ಅಸ್ತರನ್ನು ಬಿಚ್ಚಿಸಿ, ಜೇಬುಗಳನ್ನು ಕತ್ತರಿಸಿ ಹಾಕಿ, ಮಾಗಿಯಲ್ಲಿ ಅದನ್ನೇ ತೊಟ್ಟು ನಡುಗುತ್ತ, ನೆಲಕ್ಕೆ ನೋವಾದೀತೇನೋ ಎಂಬಂತೆ ತುದಿಗಾಲಿನಲ್ಲಿ ನಡೆಯುವ ಅವರನ್ನು ಕಂಡು ಪೇಟೆ ನಗುತ್ತಿತ್ತು. "ಕಾಕಾ, ಮೊದಲ ನೀವ ಇಳೀರಿ, ಗಾಡಿ ಹಗರ ಆಗತೈತಿ" ಎಂದು ಯಾರಾದರೂ ಚೇಷ್ಟೆ ಮಾಡಿದರೆ ಅವರು ಮುನಿಯುವುದಿಲ್ಲ. "ನಾ ಇಳದರ ಹೊಡ್ಯಾವ ಯಾರ?" ಎಂದು ಕೇಳುತ್ತಾರೆ. ಕಾರಿನೊಳಗೆ ಕಬ್ಬಿಣದ ಕೊಳವೆಗಳ ಪಂಜರವೊಂದನ್ನು ಮಾತ್ರ ಕೂರಿಸಿದ್ದರು. ಮಗುಚಿದರೆ ಜೀವ ಉಳಿಸುವಂಥದು. ಅದರ ಭಾರವೆಷ್ಟೆಂದು ನಾನು ಕೇಳಿದ್ದಕ್ಕೆ, "ಅದು ವಜನ ಅಲ್ರಿ ಮಾಸ್ತರ, ಅದು ಬೇಕಾದ್ದು" ಎಂದರು. ಅವರ ತತ್ತ್ವದಲ್ಲಿ ಬೇಡವಾದದ್ದಕ್ಕೆ ಮಾತ್ರ ತೂಕ.

ಆ ತತ್ತ್ವಕ್ಕೆ ಬಿಸಿ ತಟ್ಟಿದ್ದು ಕೃಷ್ಣೆ ಉಕ್ಕಿದ ಒಂದು ಶ್ರಾವಣದಲ್ಲಿ. ಹೊಳೆಯ ನೀರು ಡಾಂಬರು ರಸ್ತೆಯನ್ನು ಎರಡೂ ಕಡೆ ನುಂಗಿತ್ತು. ಊರಿನಿಂದ ಹೊರಬೀಳಲು ಉಳಿದದ್ದು ಕಬ್ಬಿನ ಹೊಲಗಳ ನಡುವಿನ ಕಪ್ಪು ಎರೆಮಣ್ಣಿನ ದಾರಿಯೊಂದೇ. ಬೆಳಿಗ್ಗೆ ಆ ದಾರಿಯಲ್ಲಿ ಹೋದ ಟ್ರ್ಯಾಕ್ಟರೊಂದು ಅಚ್ಚಿನ ತನಕ ಹೂತು ನಿಂತಿತ್ತು. ಅಂಥ ಮಧ್ಯಾಹ್ನ, ಒಲೆಗೆ ಕಟ್ಟಿಗೆ ತೆಗೆಯಲು ಹೋದ ಇಸ್ರಾರನ ತಾಯಿ ಕುಲಸುಂಬಿಯ ಕೈಗೆ ಹಾವು ಕಚ್ಚಿತು. ಆಂಬುಲೆನ್ಸು ನೀರಿನಾಚೆ ನಿಂತಿತು. ಇಸ್ರಾರನು ತಾಯಿಯನ್ನು ತೋಳಿನಲ್ಲಿ ಎತ್ತಿಕೊಂಡು ಶೆಡ್ಡಿಗೆ ಓಡಿ ಬಂದ. ಹಿಂದೆ ಅವನ ಹೆಂಡತಿ ಸಾಯಿರಾ.

ಕಾಕಾಸಾಹೇಬರು ಕಾರನ್ನು ಬೀದಿಗೆ ತಂದು ನಿಲ್ಲಿಸಿದರು. ಆಗ ನಡೆದದ್ದನ್ನು ನಾನು ನನ್ನ ಕಟ್ಟೆಯ ಮೇಲಿಂದಲೇ ನೋಡಿದೆ. ಚಾಲಕನ ಸೀಟು, ಆ ಪಂಜರ ಬಿಟ್ಟರೆ ಕಾರಿನೊಳಗೆ ಬರಿಯ ತಗಡು. ರಾಜಮತಿಯವರು ಓಡಿ ಹೋಗಿ ತಂದ ಕೌದಿಯನ್ನು ಹಾಸಿ ಮುದುಕಿಯನ್ನು ಮಲಗಿಸಿದರು, ಸಾಯಿರಾ ತಲೆಯ ಬಳಿ ಕುಕ್ಕರಿಸಿದಳು. ಇಸ್ರಾರನು ಒಳಗೆ ಕಾಲಿಡುವಷ್ಟರಲ್ಲಿ ಕಾಕಾಸಾಹೇಬರು ಕೈ ಅಡ್ಡ ಹಿಡಿದರು.

"ನೀ ಬ್ಯಾಡ."

"ನನ್ನ ಅವ್ವ ಅದಾಳೋ."

"ನಿನ್ನ ವಜನ ಜಾಸ್ತಿ ಐತಿ. ಟ್ರ್ಯಾಕ್ಟರ ಬಾಜೂಕ ಮಣ್ಣ ಮೆತ್ತಗ ಐತಿ. ಸಾಯಿರಾ ಸಾಕ."

ಇಸ್ರಾರನು ಬಾಗಿಲನ್ನು ಬಿಡಲಿಲ್ಲ. ಕಾಕಾಸಾಹೇಬರು ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಬಾಗಿಲನ್ನು ಎಳೆದುಕೊಂಡು ಹೋದರು. ಹೆತ್ತ ತಾಯಿ ಸಾಯುತ್ತಿರುವಾಗ ಮಗನಿಗೆ ಆಡುವ ಮಾತೇ ಅದು ಎಂದು ಅಲ್ಲಿ ಸೇರಿದ್ದವರು ಬಹಿರಂಗವಾಗಿಯೇ ಬೈದರು. ಇಸ್ರಾರ ಮಾತ್ರ ಕೆಸರಿನಲ್ಲಿ ನಿಂತು ಕಬ್ಬಿನ ಕಡೆಗೆ ನೋಡುತ್ತಲೇ ಇದ್ದ.

ಮುಂದಿನದನ್ನು ಸಾಯಿರಾ ಹೇಳಿದ್ದು. ಹೂತ ಟ್ರ್ಯಾಕ್ಟರಿನ ಪಕ್ಕದಲ್ಲಿ ಹಾಯುವಾಗ ಕಾರು ಒಮ್ಮೆ ವಾಲಿತಂತೆ. ಒಂದು ಚಕ್ರ ಕೆಳಗಿಳಿದು, ಮಣ್ಣನ್ನು ಕೆದರಿ, ಮತ್ತೆ ಮೇಲೆ ಬಂತಂತೆ. ಊರೂರುಗಳ ಸಂದಿಯಲ್ಲಿ ದನಗಳು, ಎತ್ತಿನ ಗಾಡಿಗಳು ಅಡ್ಡ ಬಂದಾಗ ಹಾರ್ನಿಲ್ಲದ ಆ ಕಾರಿನ ಕಿಟಕಿಯಿಂದ ತಲೆ ಹೊರಹಾಕಿ "ಸರೀರೀ, ಸರೀರೀ" ಎಂದು ಅವಳೇ ಕೂಗಿಕೊಂಡು ಹೋದಳು. ಎಂಜಿನ್ನಿನ ಶಾಖಕ್ಕೆ ತಗಡು ಕಾದು ಅವಳ ಮೊಣಕಾಲು ಸುಟ್ಟಿತು. ಮುದುಕಿ ನಡುವೆ ಒಮ್ಮೆ ಕಣ್ಣು ತೆರೆದು, "ಇದೇನ ಗಾಡಿ ಬೇ, ಎಣ್ಣಿ ಡಬ್ಬಿ ಆಗೇತಲ್ಲ" ಎಂದಳಂತೆ. ಅಥಣಿಯ ಆಸ್ಪತ್ರೆಗೆ ಹೊತ್ತಿಗೆ ಸರಿಯಾಗಿ ಮುಟ್ಟಿದರು. ಕುಲಸುಂಬಿ ಬದುಕಿದಳು, ಒಂದು ಬೆರಳು ಸೆಟೆದುಕೊಂಡು ಉಳಿಯಿತು.

ಇಸ್ರಾರ ಕೃತಜ್ಞನಾಗಿದ್ದ, ಆದರೆ ಶೆಡ್ಡಿಗೆ ಕಾಲಿಡಲಿಲ್ಲ. ನೀರಿಳಿದು, ಕಬ್ಬು ಕಡಿಯುವ ದಿನಗಳು ಬಂದರೂ ಇಬ್ಬರೂ ಪೇಟೆಯಲ್ಲಿ ಎದುರಾದಾಗ ಕೈಯೆತ್ತಿ ಸಾಗುತ್ತಿದ್ದರು, ಅಷ್ಟೇ. ಒಂದು ಬೆಳಿಗ್ಗೆ ಅವನೇ ಅಂಗಡಿಯ ಮೆಟ್ಟಿಲ ಬಳಿ ಬಂದು ನಿಂತ. ನಾನು ಅಲ್ಲಿ ಪತ್ರಿಕೆ ಓದುತ್ತಿದ್ದೆ.

"ಒಂದ ಕೇಳ್ತೀನಿ. ನೀ ಇಳದು ನನ್ನ ಕಡೆ ಗಾಡಿ ಕೊಡಬಹುದಿತ್ತಲ್ಲ? ನನಗೂ ಹೊಡ್ಯಾಕ ಬರತೈತಿ. ನಿನಗಿಂತ ಹಗರನ ಅದೀನಿ."

ಕಾಕಾಸಾಹೇಬರು ಹಿಂಡಿಯ ಚೀಲದ ಬಾಯಿ ಕಟ್ಟುತ್ತಿದ್ದವರು ಕಟ್ಟಿ ಮುಗಿಸಿದರು. "ಬಂದಿತ್ತು ಮನಸಿಗೆ. ನೀ ಅಳಾಕತ್ತಿದ್ದಿ. ಅಳಾವ ಗಾಡಿ ಹೊಡೀಬಾರದು."

ಇಸ್ರಾರ ಮೆಟ್ಟಿಲ ಮೇಲೆ ಕೂತ. "ಆ ವಜನದ ಮಾತ ಇನ್ನೂ ಚುಚ್ಚತೈತಿ" ಎಂದ.

"ಚುಚ್ಚಲಿ. ಅವ್ವ ಅದಾಳಲ್ಲ."

ಇಸ್ರಾರನೂ ಕಾರಿನಲ್ಲಿದ್ದಿದ್ದರೆ ಆ ಚಕ್ರ ಮೇಲೆ ಬರುತ್ತಿತ್ತೋ ಇಲ್ಲವೋ ಹೇಳಬಲ್ಲವರು ಯಾರೂ ಇಲ್ಲ. ಕಾಕಾಸಾಹೇಬರೂ ಹೇಳಿಲ್ಲ. ಮರುದಿನ ಇಸ್ರಾರ ಶೆಡ್ಡಿಗೆ ಹೋಗಿ, ಯಾರನ್ನೂ ಕೇಳದೆ, ಚಾಲಕನ ಪಕ್ಕದ ನೆಲಕ್ಕೆ ಎರಡು ಉಕ್ಕಿನ ಪಟ್ಟಿಗಳನ್ನು ಬೆಸೆದ; ಬೇಕಾದಾಗ ಒಂದು ಸೀಟನ್ನು ಅದಕ್ಕೆ ಸಿಕ್ಕಿಸಿ ಕೂರಿಸಬಹುದು, ಬೇಡವಾದಾಗ ತೆಗೆದಿಡಬಹುದು. ಕಾಕಾಸಾಹೇಬರು ಬಾಗಿ ಆ ಪಟ್ಟಿಗಳ ಮೇಲೆ ಬೆರಳಾಡಿಸಿದರು. ಬೆಸೆದದ್ದನ್ನು ಅಂಗೈಯ ಮೇಲಿಟ್ಟು ತೂಗಲಾಗದು. "ಇರಲಿ" ಎಂದರು.

ಆ ಚಳಿಗಾಲದ ಓಟದಲ್ಲಿ ಅವರು ಕೂದಲೆಳೆಯ ಅಂತರದಿಂದ ಸೋತರು. ತಿರುಗಿ ಬಂದಾಗ ಪಡಸಾಲೆಯಲ್ಲಿ ರಾಜಮತಿಯವರು ಇಸ್ರಾರನ ಎದುರಿನಲ್ಲಿಯೇ ಕೇಳಿದರು: "ಆ ಪಟ್ಟಿ ವಜ್ಜ ಆತೇನ್ರಿ?"

"ಇಲ್ಲ. ತಿರುವಿನ್ಯಾಗ ಹೊಳ್ಳೂ ಮುಂದ ಬ್ರೇಕ ತಡಾ ಹಾಕಿದೆ. ತಪ್ಪ ನಂದು."

ತೂಕವಲ್ಲದ ಕಾರಣವೊಂದು ಅವರ ಬಾಯಿಂದ ಬಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಇಸ್ರಾರ ಚಹಾ ಕುಡಿಯುವುದನ್ನು ಮುಂದುವರಿಸಿದ.

ಬೇಕು ಬೇಡಗಳನ್ನು ಬೇರ್ಪಡಿಸುವುದೇ ಬಾಳಿನ ಕೆಲಸವೆಂದು ನಂಬಿದ ಇಂಥವರು ಊರಿಗೊಬ್ಬರಿರುತ್ತಾರೆ. ಅವರೊಡನೆ ಬಾಳುವವರಿಗೆ ಸುಖ ಕಡಿಮೆ. ಕುಳಿತುಕೊಳ್ಳುವ ಜಾಗವೂ ಕಡಿಮೆ. ನಾವು ಸಾಂತ್ವನವೆಂದು ಕರೆಯುವುದನ್ನು ಅವರು ಹೊರೆಯೆಂದು ಬದಿಗಿಡುತ್ತಾರೆ, ಹಾಗೆ ಬದಿಗಿಡುವಾಗ ಅವರ ಕೈ ನಡುಗುವುದಿಲ್ಲವಾದ್ದರಿಂದ ಅವರಿಗೆ ಮನಸ್ಸೇ ಇಲ್ಲವೆಂದು ನಾವು ತೀರ್ಮಾನಿಸುತ್ತೇವೆ. ಅವರನ್ನು ಪ್ರೀತಿಸುವುದು ಕಷ್ಟ, ಬಿಡುವುದು ಇನ್ನೂ ಕಷ್ಟ. ಸಂಕಟದ ಹೊತ್ತಿನಲ್ಲಿ ಜೊತೆಗೆ ಕೂತು ಅಳುವವರು ನಮಗೆ ಅನೇಕರು ಸಿಗುತ್ತಾರೆ. ನಮ್ಮ ಬೆರಳುಗಳನ್ನು ಬಾಗಿಲಿನಿಂದ ಬಿಡಿಸಿ ಹೊರಡುವವರು ಅಪರೂಪ, ಮತ್ತು ಅವರನ್ನು ಕ್ಷಮಿಸುವುದಕ್ಕೆ ನಮಗೆ ಒಂದು ಮಳೆಗಾಲವಾದರೂ ಬೇಕಾಗುತ್ತದೆ.