ಕೃಷ್ಣಮ್ಮನ ಸುಲಭದ ಪೈ

ಕೃಷ್ಣಮ್ಮನ ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಕೈ ಶುರು ಮಾಡುವುದರೊಳಗೆ ಬಾಯಿ ಕೆಲಸ ಮುಗಿಸಿ ಕೂತಿರುತ್ತಿತ್ತು. ಇದು ಅವಳಿಗೂ ಗೊತ್ತಿತ್ತು. ಗೊತ್ತಿದ್ದು ಬಂದ ಭಾಗ್ಯವೇನು? ಆ ಭಾನುವಾರವೂ ಹಾಗೇ ಆಯಿತು.

ಅವಳ ಮಾವ ದೊಡ್ಡಮುನಿಯಪ್ಪ ಒಂದು ಕಾಲಕ್ಕೆ ಮೂಳೆ ಕಡಿಯಲು ಕೂತರೆ ಬೀದಿ ನಾಯಿಗಳು ಆಸೆ ಬಿಟ್ಟು ಎದ್ದು ಹೋಗುತ್ತಿದ್ದವು. ಈಗ ಬಾಯಲ್ಲಿ ಒಂದು ಹಲ್ಲೂ ಇರಲಿಲ್ಲ. ಯುಗಾದಿಯ ಮಾರನೆಯ ದಿನ, ಹೊಸತೊಡಕಿನ ಬಾಡೂಟದಲ್ಲಿ, ತುಂಡು ಬಾಯಿಗಿಟ್ಟು, ಅಗಿಯಲಾರದೆ, ಎಲ್ಲರ ಎದುರಿಗೆ ತೆಗೆದು ತಟ್ಟೆಗಿಟ್ಟರು. ಅವತ್ತಿನಿಂದ ಬಾಡು ಮಾಡಿದ ದಿನ ಗೋಡೆ ಕಡೆ ಮುಖ ಮಾಡಿ ಬರೀ ಮುದ್ದೆ ನುಂಗಿ ಎದ್ದುಬಿಡುತ್ತಿದ್ದರು. ಕೃಷ್ಣಮ್ಮ ಕೈಮಾ ಉಂಡೆ ಮಾಡಿಕೊಟ್ಟಳು. "ಏನಮ್ಮ, ನನ್ನ ತೊಟ್ಟಿಲಿಗಾಕಿ ತೂಗ್ತೀಯಾ?" ಅಂತ ತಟ್ಟೆ ಪಕ್ಕಕ್ಕೆ ತಳ್ಳಿದರು.

ಭಾನುವಾರ ಆ ಬಗ್ಗಿದ ಬೆನ್ನು ನೋಡಿ ಅವಳ ಹೊಟ್ಟೆ ಚುರ್ ಅಂದಿತು. ಹೊಟ್ಟೆ ಚುರ್ ಅಂದರೆ ಸುಮ್ಮನಿರಬೇಕಾದ್ದು ಬಾಯಿ. ಅದು ಇರಲಿಲ್ಲ.

"ಈ ವಾರದಲ್ಲಿ ಮಾವನಿಗೆ ಬಾಡು ತಿನ್ನಿಸ್ದಿದ್ರೆ ಕೇಳಿ! ಸೌಟು ನಿಮ್ಮಕ್ಕನ ಕೈಗೆ ಕೊಟ್ಟುಬಿಡ್ತೀನಿ" ಅಂದಳು.

ಗಂಡ ಶ್ಯಾಮಣ್ಣ ದೊಡ್ಡನೆಕ್ಕುಂದಿಯ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದವನು, ಯಾವ ಮಾತಿಗೂ ಸಾಕ್ಷಿ ಕೇಳುವವನು. "ಅಪ್ಪ, ಕೇಳಿಸ್ಕೊಂಡೇನಪ್ಪಾ?" ಅಂದ.

"ಕೇಳಿಸ್ತು. ಅಲ್ಲು ಓಗವೆ, ಕಿವಿ ಓಗಿಲ್ಲ" ಅಂತು ಗೋಡೆ ಕಡೆಯ ಮುಖ.

ಕೃಷ್ಣಮ್ಮ ವೈಟ್‌ಫೀಲ್ಡಿನ ಬಂಗಲೆಯೊಂದರಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಊರಿನಲ್ಲಿ ಮಾತ್ರ "ಬಂಗಲೆ ಅಡುಗೆಮನೆ ನಂದೇ" ಅಂತ ಹೇಳಿಕೊಂಡಿದ್ದಳು. ಅಲ್ಲಿನ ಅಡುಗೆಯವಳು ಮರಿಯಮ್ಮ. ಬಂಗಲೆಯ ಮುದುಕಿ ಮೇಡಂಗೂ ಬಾಯಲ್ಲಿ ಹಲ್ಲಿರಲಿಲ್ಲ. ಆದರೂ ಆಕೆ ಮೇಜಿನ ಮುಂದೆ ನೆಟ್ಟಗೆ ಕೂತು ಮಾಂಸದ ಪೈ ತಿನ್ನುವುದನ್ನು, ಅದನ್ನು ಯಾರೂ ತೊಟ್ಟಿಲೂಟ ಅನ್ನದಿರುವುದನ್ನು ಕೃಷ್ಣಮ್ಮ ಹಿತ್ತಿಲ ಕಿಟಕಿಯಿಂದ ನೋಡಿದ್ದಳು. ದೊರೆಗಳು ತಿನ್ನೋದು ಅಂದರೆ ಮಾವ ಬೇಡ ಅಂದಾರೆಯೇ?

"ಅಕ್ಕಾ, ಆ ಪೈ ಹೆಂಗೆ ಮಾಡೋದು?"

"ಸುಲಭ ಕಣೇ" ಅಂದಳು ಮರಿಯಮ್ಮ. "ಕೈ ತುಂಬ ಕೆಲಸ ಇರೋ ದಿನ ರಾತ್ರಿ ಊಟಕ್ಕೆ ಅಂತಲೇ ಇರೋದು. ಈರುಳ್ಳಿ, ಕೈಮಾ ಹುರಿ. ಬೇಯಿಸಿದ ಆಲೂಗಡ್ಡೆ ಕಿವುಚಿ ಸೇರಿಸು. ಉಪ್ಪು, ಮೆಣಸು. ಮೈದಾಗೆ ಬೆಣ್ಣೆ ಹಾಕಿ ಕಲಸಿ, ಲಟ್ಟಿಸಿ ಮೇಲೆ ಹೊದಿಸು. ಕೆಳಗೂ ಮೇಲೂ ಶಾಖ ಕೊಡು. ಅಷ್ಟೇ. ಹಿಟ್ಟು ಕಲಸೋವಾಗ ಮಾತ್ರ..."

"ಹಿಟ್ಟು ಕಲಸೋದು ನಂಗೆ ಹೇಳ್ಕೊಡ್ತೀಯಾ? ನಮ್ಮೂರಲ್ಲಿ ಹೋಳಿಗೆ ಅಂದ್ರೆ ಕಣಕಕ್ಕೆ ನನ್ನೇ ಕರೆಯೋದು!"

ಮರಿಯಮ್ಮ ಬಾಯಿ ಮುಚ್ಚಿಕೊಂಡಳು. ಕೃಷ್ಣಮ್ಮನ ಎದುರಿಗೆ ಬೇರೆಯವರಿಗೆ ಇದ್ದದ್ದು ಅದೊಂದೇ ದಾರಿ.

ಸೋಮವಾರ ಈಶ್ವರನ ವಾರ, ಮನೆಗೆ ಬಾಡು ತರುವಂತಿಲ್ಲ. ಮಂಗಳವಾರ ಕೈಮಾ ಸಿಗಲಿಲ್ಲ. ಬುಧವಾರ ಸಾಬರ ಅಂಗಡಿಯಲ್ಲಿ ಹೊಡೆಸಿಕೊಂಡು ಬಂದಳು. ಒಳಗಿನ ಹೂರಣ ಎಷ್ಟು ಚೆನ್ನಾಗಿ ಬಂತು ಅಂದರೆ ರುಚಿ ನೋಡುತ್ತಾ ನೋಡುತ್ತಾ ಒಂದು ಮೂಲೆಯೇ ಖಾಲಿಯಾಯಿತು. ಇನ್ನು ಹಿಟ್ಟು. ಕಣಕ ಎಷ್ಟು ಕುಟ್ಟಿದರೆ ಅಷ್ಟು ಮೃದು ಅಂತ ಅವಳ ತಾಯಿ ಹೇಳಿಕೊಟ್ಟ ಪಾಠ. ಬೆಣ್ಣೆ ಬೆರೆಸಿದ ಮೈದಾವನ್ನು ಒರಳಿಗೆ ಹಾಕಿ ಒನಕೆಯಲ್ಲಿ ಕುಟ್ಟಿದಳು. ಎಳೆದಳು, ನಾದಿದಳು, ಮತ್ತೆ ಕುಟ್ಟಿದಳು. ಹೂರಣದ ಮೇಲೆ ಹೊದಿಸಿ, ಬೋಗುಣಿಗೆ ತಟ್ಟೆ ಮುಚ್ಚಿ, ಕೆಳಗೆ ಕೆಂಡ, ತಟ್ಟೆ ಮೇಲೂ ಕೆಂಡ. ಬಂಗಲೆಯ ಕಬ್ಬಿಣದ ಒಲೆ ಇದಕ್ಕಿಂತ ಏನು ಹೆಚ್ಚು ಅಂದುಕೊಂಡಳು.

ಕತ್ತಲಾಗುವ ಹೊತ್ತಿಗೆ ಮೂವರೂ ಕೂತರು. ಪೈ ಚಿನ್ನದ ಬಣ್ಣಕ್ಕೆ ಬಂದಿತ್ತು. ಮಾವ ಗೋಡೆ ಬಿಟ್ಟು ಈ ಕಡೆ ತಿರುಗಿ ಕೂತಿದ್ದರು. ಅರ್ಧ ಗೆದ್ದೆ ಅಂದುಕೊಂಡಳು ಕೃಷ್ಣಮ್ಮ.

"ಬಂಗಲೇಲಿ ಮುರಿದು ತಿಂತಾರೆ ಮಾವ. ಬೆಣ್ಣೆ ಥರಾ ಇರುತ್ತೆ."

ಮುದುಕರು ಬೆರಳಲ್ಲಿ ಒತ್ತಿದರು. ಜಗ್ಗಲಿಲ್ಲ. ಗೆಣ್ಣಿನಲ್ಲಿ ತಟ್ಟಿದರು. ಟಕ್ ಟಕ್ ಅಂತು. ಕೃಷ್ಣಮ್ಮ ಹಲ್ಲಿಲ್ಲದ ಮನುಷ್ಯನ ಮುಂದೆ ಕಲ್ಲು ತಂದಿಟ್ಟಿದ್ದಳು. ಹೊಸತೊಡಕಿನ ದಿನದ ತಟ್ಟೆ ಕಣ್ಣ ಮುಂದೆ ಬಂತು. ಸೌಟು ಹೋದರೆ ಹೋಗಲಿ. ಇನ್ನು ಈ ಮುದುಕ ಗೋಡೆ ಬಿಟ್ಟು ತಿರುಗುವುದಿಲ್ಲವಲ್ಲ!

"ಕೊಡಿಲ್ಲಿ" ಅಂದ ಶ್ಯಾಮಣ್ಣ. ಅಂಚು ಮುರಿಯಲು ನೋಡಿದ, ಆಗಲಿಲ್ಲ. ಬೋಗುಣಿಯನ್ನೇ ಎತ್ತಿ ಪೈ ಅಂಚಿಗೆ ಹಲ್ಲು ಹಾಕಿ ಎಳೆದ. ಕಣ್ಣಲ್ಲಿ ನೀರು ಬಂತು. ದವಡೆ ಹಿಡಿದುಕೊಂಡು ಕೂತ.

ದೊಡ್ಡಮುನಿಯಪ್ಪ ಮಗನ ಬಾಯಿ ನೋಡಿದರು, ಸೊಸೆ ಬಾಯಿ ನೋಡಿದರು. "ನೀನು ಕಡಿ ನೋಡಾನ."

ಕೃಷ್ಣಮ್ಮನೂ ಕಚ್ಚಿದಳು. ಬೋಗುಣಿ ಗೆದ್ದಿತು.

ಮುದುಕರಿಗೆ ಮೊದಲು ಭುಜ ಕುಲುಕಿತು. ಆಮೇಲೆ ಹೊಟ್ಟೆ. ಆಮೇಲೆ ಬೋಳು ಬಾಯಿ ಪೂರಾ ತೆರೆದು, ಯುಗಾದಿಯಿಂದ ಕೂಡಿಟ್ಟ ನಗುವನ್ನೆಲ್ಲ ಒಂದೇ ಸಲ ಹೊರಗೆ ಹಾಕಿದರು.

"ನನ್ನ ಬಾಯೂ ಒಂದೇ, ನಿಮ್ಮ ಬಾಯೂ ಒಂದೇ! ಲೇ ಶ್ಯಾಮ, ಅಲ್ಲು ಇಟ್ಕಂಡು ಏನ್ ಕಿಸಿದೆಯೋ? ಇದು ಎಂಚು ಕಣೋ! ತತ್ತಾ ಗುಂಡುಕಲ್ಲು."

ಗುಂಡುಕಲ್ಲು ಬಂತು. ಮನೆ ಯಜಮಾನರಾಗಿ ಮುದುಕರೇ ಒಂದೇಟು ಕೊಟ್ಟರು. ಹೆಂಚು ಒಡೆಯಿತು, ಒಳಗಿಂದ ಹಬೆ ಎದ್ದಿತು. ಕೈಮಾ, ಆಲೂಗಡ್ಡೆ ಎರಡೂ ಬೆಣ್ಣೆಯ ಹಾಗೆ ಬೆಂದಿದ್ದವು. ಮುದುಕರು ಮೊದಲ ತುತ್ತು ತಾವು ತಿಂದರು, ಎರಡನೆಯದೂ ತಾವೇ ತಿಂದರು, ಆಮೇಲೆ ಉಳಿದವರಿಗೂ ಬಡಿಸು ಅಂದರು. ಯಾರೂ ಅಗಿಯುವ ಗೋಜಿಗೇ ಹೋಗಲಿಲ್ಲ.

ಮಾರನೆಯ ದಿನ ಮರಿಯಮ್ಮ ಕೇಳಿದಳು, "ಹೆಂಗಾಯ್ತೇ?"

"ಒರಳಲ್ಲಿ ಕುಟ್ಟಿದ್ದೆ ಅಕ್ಕಾ."

ಮರಿಯಮ್ಮ ಸೆರಗು ಬಾಯಿಗೆ ತುರುಕಿಕೊಂಡಳು. "ಅಯ್ಯೋ ನನ್ನ ತಾಯಿ! ಕುಟ್ಟಿದ್ರೆ ಕಲ್ಲಾಗುತ್ತೆ ಕಣೇ, ಬೆಣ್ಣೆ ಹಿಟ್ಟನ್ನ ಬೆರಳ ತುದೀಲಿ ಹಾಗೆ ಹೀಗೆ ಉದುರಿಸಿ ಬಿಟ್ಟುಬಿಡಬೇಕು. ಅದೇ ಹೇಳಕ್ಕೆ ಬಂದೆ ಅವತ್ತು."

ಈ ಸಲ ಕೃಷ್ಣಮ್ಮ ಪೂರಾ ಕೇಳಿಸಿಕೊಂಡಳು. ಮುಂದಿನ ಬುಧವಾರ ಮುಟ್ಟಿದರೆ ಪುಡಿಯಾಗುವಂಥ ಪೈ ಮಾಡಿಟ್ಟಳು. ಮಾವ ಬೆರಳಿಟ್ಟರು, ಬೆರಳು ಒಳಗೇ ಹೋಯಿತು. ಮುಖ ಸಣ್ಣಗಾಯಿತು. ಪಕ್ಕದಲ್ಲಿ ಗುಂಡುಕಲ್ಲು ತೊಳೆದು ಇಟ್ಟುಕೊಂಡಿದ್ದರು.

"ಇದು ಅಲ್ಲು ಇಲ್ಲದೋರಿಗೆ ಮಾಡಿದ್ದಲ್ವೇನಮ್ಮ?" ಅಂದರು. "ನಂಗೆ ಓದ ವಾರದ್ದೇ ಬೇಕು."

ಅವತ್ತಿನಿಂದ ಆ ಮನೆಯಲ್ಲಿ ಬುಧವಾರ ಸಂಜೆಯಾದರೆ ಒನಕೆ ಸದ್ದು. ಬೀದಿಯವರು ಇಣುಕಿ, "ಏನು ಕೃಷ್ಣಮ್ಮ, ಯಾವ ಹಬ್ಬ?" ಅಂತ ಕೇಳುತ್ತಿದ್ದರು.

ರಟ್ಟೆ ಸೋತು, ಬೆವರು ಕಣ್ಣಿಗಿಳಿದು, ಉಸಿರು ಮೇಲೆ ಕೆಳಗೆ ಆಗುತ್ತಿದ್ದರೂ ಅವಳ ಬಾಯಿ ಮಾತ್ರ ತನ್ನ ಕೆಲಸ ಬಿಡಲಿಲ್ಲ.

"ಹಬ್ಬ ಅಲ್ಲ ಕಣ್ರೀ. ಬಂಗಲೆ ಪೈ. ಭಾಳ ಸುಲಭ!"