ಬುಧವಾರದ ಬಂಗಡೆ

ಬೆಳಿಗ್ಗೆ ಬಂಗಡೆ ಡಬ್ಬಿಯ ಮುಚ್ಚಳ ತೆಗೆದೊಡನೆ ಅವನು ಮುಖ ಹಿಂದಕ್ಕೆಳೆದುಕೊಂಡ. ಹದಿನೆಂಟು ವರ್ಷ ಹಸಿ ಮೀನು ಕೊಯ್ದ ಕೈ ಅದು, ಮೀನಿನ ವಾಸನೆಗೆಲ್ಲ ಹೇಸುವ ಆಸಾಮಿಯೇ ಅಲ್ಲ. ಆದರೆ ಇದು ಮೀನಿನ ವಾಸನೆಯಾಗಿರಲಿಲ್ಲ. ಹಿಂದಿನ ದಿನ ಫ್ರಿಜ್ ಕೈಕೊಟ್ಟಿತ್ತು. ಬಂಗಡೆಗಳ ಕಣ್ಣು ಮಂಕಾಗಿತ್ತು, ಹೊಟ್ಟೆ ಮೆತ್ತಗಾಗಿತ್ತು, ಬೆರಳಿಟ್ಟು ಒತ್ತಿದರೆ ಗುಳಿ ಹಾಗೇ ಉಳಿಯುತ್ತಿತ್ತು. ಥೂ!

ಅನ್ನದ ಉಂಡೆಯ ಮೇಲೆ ಹಸಿ ಮೀನಿಟ್ಟು ಕೊಡುವ ಆ ಜಪಾನಿ ಸುಶಿ ಹೋಟೆಲಿನ ಯಜಮಾನ ಬಂದು ಇಣುಕಿದ. ಮೈತುಂಬ ಸೆಂಟು ಬಳಿದುಕೊಂಡು ಬರುವ ಮನುಷ್ಯ, ಆ ಮೂಗಿಗೆ ಇದೆಲ್ಲಿ ಹತ್ತಬೇಕು?

"ಉಪ್ಪು ಜಾಸ್ತಿ ಹಾಕಿ, ವಿನೆಗರ್‌ನಲ್ಲಿ ಇನ್ನೊಂದು ಗಂಟೆ ಬಿಡಿ. ಮೇಲೆ ಶುಂಠಿ ಇಟ್ರೆ ಯಾರಿಗೂ ಗೊತ್ತಾಗಲ್ಲ."

"ಸಾರ್, ಕೆಟ್ಟಿದೆ. ತಿಂದೋರು ಹಾಸಿಗೆ ಹಿಡೀತಾರೆ."

"ಮೆನುನಲ್ಲಿ ಬಂಗಡೆ ಅಂತ ಅಚ್ಚಾಗಿದೆಯಲ್ರೀ. ಇವತ್ತಿಲ್ಲ ಅಂದ್ರೆ ನಮ್ಮ ಮರ್ಯಾದೆ ಏನಾಗ್ಬೇಕು? ಆಗಲ್ಲ ಅಂದ್ರೆ ಹೇಳಿ, ಕೌಂಟರಿಗೆ ಬೇರೆಯವರನ್ನ ನಿಲ್ಲಿಸ್ತೀನಿ."

ಮರ್ಯಾದೆಯಂತೆ ಮರ್ಯಾದೆ! ಉಗಿಯಬೇಕೆನ್ನಿಸಿತು, ಉಗಿಯಲಿಲ್ಲ. ಒಳಗೆ ಮೀನು ಉಜ್ಜುತ್ತ ವರ್ಷಗಟ್ಟಲೆ ಕಾದ ಮೇಲೆ ಗಿರಾಕಿಗಳೆದುರು ಕೌಂಟರಿನ ನಡುವೆ, ಮುಖ್ಯ ಅಡುಗೆಯವನು ನಿಲ್ಲುವ ಜಾಗ ಸಿಕ್ಕಿ ಮೂರು ತಿಂಗಳಾಗಿತ್ತು. ಮಗ ಅಲ್ಲಿ ನಿಲ್ಲುವುದನ್ನು ನೋಡಲು ಇವತ್ತೇ ಮೊದಲ ಸಲ ಅಮ್ಮ ಬರುವವಳಿದ್ದಳು. ಅವನು ಕತ್ತಿ ಎತ್ತಿಕೊಂಡ.

ಮಧ್ಯಾಹ್ನ ಅಮ್ಮ ಬಂದು ಎತ್ತರದ ಕುರ್ಚಿ ಹತ್ತಿ ಕುಳಿತು, ಸುತ್ತ ಕಣ್ಣಾಡಿಸಿದಳು.

"ಅಲ್ವೋ, ಒಲೆ ಎಲ್ಲಿ?"

"ಇದಕ್ಕೆ ಒಲೆ ಬೇಡಮ್ಮ. ಅನ್ನ ಒಳಗೆ ಮಾಡ್ತಾರೆ."

"ಒಲೆ ಮುಟ್ಟದೆ ಅಡುಗೆಯವನಾಗೋಕೆ ಹದಿನೆಂಟು ವರ್ಷ ಹಿಡೀತೇನೋ ನಿಂಗೆ?"

ಪಕ್ಕದ ಕುರ್ಚಿಯಲ್ಲಿದ್ದ ಕಣ್ಣಿನ ಡಾಕ್ಟರು ಗೊಳ್ಳೆಂದು ನಕ್ಕರು. ವಯಸ್ಸಾದವರು, ಪ್ರತಿ ಬುಧವಾರ ತಪ್ಪದೆ ಬಂದು, "ನೀವು ಕೊಟ್ಟಿದ್ದನ್ನ ತಿಂತೀನಿ" ಎಂದು ಮೆನು ಕೂಡ ನೋಡದೆ ಕೂರುವವರು.

ಅವನು ಬೆಚ್ಚಗಿನ ಅನ್ನವನ್ನು ಅಂಗೈಯಲ್ಲಿ ಉಂಡೆ ಕಟ್ಟಿ, ಎರಡು ಬೆರಳಿನಿಂದ ಒತ್ತಿ, ಮೇಲೆ ಬಂಗಡೆಯ ಹೋಳಿಟ್ಟು ಡಾಕ್ಟರ ತಟ್ಟೆಗೆ ದಾಟಿಸುತ್ತಿದ್ದ. ಅಮ್ಮನಿಗೆ ಮಾತ್ರ ಸೌತೆಕಾಯಿ, ಮೊಟ್ಟೆ, ಮತ್ತೆ ಸೌತೆಕಾಯಿ. ಯಜಮಾನ ಹಿಂದೆಯೇ ನಿಂತು ಹಲ್ಲು ಕಿರಿಯುತ್ತಿದ್ದ. "ಇವತ್ತು ಹುಳಿ ಸ್ವಲ್ಪ ಜಾಸ್ತಿಯಿದೆ, ಅಲ್ವಾ?" ಎಂದು ಡಾಕ್ಟರು ನಯವಾಗಿ ಕೇಳಿದರು. "ಹೌದು ಸಾರ್" ಎಂದ. ಅವರು ನುಂಗುವುದನ್ನು ಕಂಡಾಗಲೆಲ್ಲ ಇವನು ಕೈಯನ್ನು ಒದ್ದೆ ಬಟ್ಟೆಗೆ ಉಜ್ಜಿಕೊಳ್ಳುತ್ತಿದ್ದ. ಮೀನಿಗಿಂತ ತನ್ನ ಕೈಯೇ ಹೊಲಸೆನ್ನಿಸಿತು. ಆದರೂ ಆ ದರಿದ್ರ ಕೈ ಮುಂದಿನ ಉಂಡೆ ಕಟ್ಟಿಯೇ ಕಟ್ಟಿತು.

"ಅವರಿಗೆ ಕೊಟ್ಟಿದ್ದನ್ನ ನಂಗೂ ಕೊಡೋ, ನಾನೇನು ಪಾಪ ಮಾಡಿದೀನಿ?" ಎಂದಳು ಅಮ್ಮ.

"ನಿಂಗೆ ಒಗ್ಗಲ್ಲಮ್ಮ, ಬಿಡು."

"ಅಯ್ಯೋ, ಹೆತ್ತ ತಾಯಿಗೇ ಜಿಪುಣತನನಾ?" ಎನ್ನುತ್ತ ಡಾಕ್ಟರು ತಮ್ಮ ತಟ್ಟೆಯನ್ನು ಅವಳ ಕಡೆ ಸರಿಸಿದರು. "ಇದನ್ನ ತಗೊಳ್ಳಿ ತಾಯಿ. ನಿಮ್ಮ ಮಗನ ಕೈರುಚಿ ನೋಡಿ."

ಅಮ್ಮ ಹಿಗ್ಗಿ ಹೋದಳು. ಬಂಗಡೆಯಿಟ್ಟ ಅನ್ನದ ಉಂಡೆಯನ್ನು ಬೆರಳಲ್ಲಿ ಎತ್ತಿ ಬಾಯಿ ತೆರೆದಳು.

ಅವನು ಕೌಂಟರಿನ ಮೇಲಿಂದ ಬಗ್ಗಿ ಅದನ್ನು ಕಿತ್ತುಕೊಂಡ. ಅನ್ನ ಅವಳ ಮಡಿಲ ತುಂಬ ಚೆಲ್ಲಿತು.

"ಯಾಕೋ?" ಎಂದಳು ಅವಳು, ಗಾಬರಿಯಿಂದ.

ಡಾಕ್ಟರು ಅವನ ಮುಖ ನೋಡಿದರು, ಅವನ ಮುಷ್ಟಿಯಲ್ಲಿ ಹಿಸುಕಿಹೋಗಿದ್ದ ಮೀನನ್ನು ನೋಡಿದರು, ನಿಧಾನವಾಗಿ ತಿನ್ನುವ ಕಡ್ಡಿಗಳನ್ನು ಕೆಳಗಿಟ್ಟರು.

"ನಾನು ಆರು ತಿಂದೆ" ಎಂದರು.

"ಅವರಮ್ಮನಿಗೆ ಅಲರ್ಜಿ, ಅಷ್ಟೇ ಸಾರ್" ಎಂದು ಯಜಮಾನ ಲಗುಬಗೆಯಿಂದ ಮುಂದೆ ಬಂದ.

"ಅಲರ್ಜಿ ಅಲ್ಲ. ಮೀನು ಕೆಟ್ಟಿದೆ" ಎಂದ ಅವನು. "ಬೆಳಿಗ್ಗೇನೇ ಗೊತ್ತಿತ್ತು ನಂಗೆ."

ಅಮ್ಮ ಕುರ್ಚಿಯಿಂದ ಇಳಿದಳು. ಮಡಿಲ ಅನ್ನ ಕೊಡವಿ, ಡಾಕ್ಟರ ರಟ್ಟೆ ಹಿಡಿದು ಎಬ್ಬಿಸಿದಳು. "ಬನ್ನಿ, ಬೆರಳು ಹಾಕಿ ಎಲ್ಲಾ ಕಕ್ಕಿಬಿಡಿ, ನಾನು ಬೆನ್ನು ಸವರ್ತೀನಿ" ಎಂದು ಬಚ್ಚಲ ಕಡೆ ನಡೆಸಿಕೊಂಡು ಹೊರಟಳು. ಅವನು ಕೌಂಟರು ಸುತ್ತಿಕೊಂಡು ಓಡಿಬಂದು ಡಾಕ್ಟರ ಇನ್ನೊಂದು ತೋಳಿಗೆ ಕೈಹಾಕಿದ.

"ನೀನು ಮುಟ್ಟಬೇಡ ಅವರನ್ನ" ಎಂದಳು ಅಮ್ಮ.